ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಏರ್‌ಗನ್‌ನಿಂದ ಒಳ್ಳೆಯ ರೈಫಲ್‌ಗೆ, ಮತ್ತು ಅದರ ಮರದ ಆರೈಕೆ

ಏರ್ ರೈಫಲ್ ಕುರಿತು ಕೆಲವು ತಿಂಗಳುಗಳಿಂದ ಬಂದ ಪತ್ರಗಳಲ್ಲಿ ಒಂದಕ್ಕೊಂದು ಹೊಂದುವ ಐದನ್ನು ಆಯ್ದು ಇಲ್ಲಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಹೆಚ್ಚಿನವರು ಕೇಳಿರುವುದು ಎರಡೇ ಸಂಗತಿ. ಈಗಿರುವುದಕ್ಕಿಂತ ಉತ್ತಮವಾದ ರೈಫಲ್ ಯಾವುದು ಎಂಬುದು ಒಂದು, ಕೈಯಲ್ಲಿರುವುದರ ಮರವನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದು ಇನ್ನೊಂದು. ಇವು ಬೇರೆ ಬೇರೆ ಪ್ರಶ್ನೆಗಳೆಂದು ನನಗೆ ತೋರುವುದಿಲ್ಲ. ರೈಫಲ್‌ನಲ್ಲಿ ನಮ್ಮ ಮೈಗೆ ತಾಗುವ ಮರದ ಭಾಗವೇ ಸ್ಟಾಕ್. ಕೆನ್ನೆ, ಭುಜ, ಎರಡೂ ಅಂಗೈ ಪ್ರತಿ ಸಲವೂ ಅದರ ಮೇಲೆ ಅದೇ ಜಾಗದಲ್ಲಿ ಕೂತರೆ ಮಾತ್ರ ಗುಂಡು ಅದೇ ಜಾಗಕ್ಕೆ ಹೋಗುತ್ತದೆ.

ಪ್ರಶ್ನೆ: ನನ್ನ ತಂದೆಯವರು ಇಪ್ಪತ್ತು ವರ್ಷಗಳ ಹಿಂದೆ ಕೊಂಡ, ನಳಿಗೆಯನ್ನು ಮಡಚಿ ಪೆಲೆಟ್ (ಸೀಸದ ಸಣ್ಣ ಗುಂಡು) ತುಂಬುವ ಏರ್‌ಗನ್ ಮನೆಯಲ್ಲಿದೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳಿಗೆ ಗುರಿ ಹೊಡೆಯುವುದರಲ್ಲಿ ಆಸಕ್ತಿ ಹುಟ್ಟಿದೆ. ಅಂಗಡಿಯಲ್ಲಿ ಕೇಳಿದರೆ ಹೆಚ್ಚು ಜೋರಾಗಿ ಹೊಡೆಯುವುದನ್ನೇ ತೋರಿಸುತ್ತಾರೆ. ಸ್ಪ್ರಿಂಗ್ ರೈಫಲ್ ಕೊಳ್ಳಬೇಕೇ, ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ರೈಫಲ್) ಕೊಳ್ಳಬೇಕೇ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ಅಂಗಡಿಯವರ ಮಾತನ್ನು ಬದಿಗಿಡೋಣ. ಹತ್ತು ಮೀಟರ್ ಸ್ಪರ್ಧೆಯಲ್ಲಿ ಬಳಸುವ, ಲಕ್ಷಗಳಲ್ಲಿ ಬೆಲೆ ಬಾಳುವ ರೈಫಲ್‌ನಿಂದ ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 175 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಅದರ ಶಕ್ತಿ ಎಂಟು ಜೂಲ್‌ನಷ್ಟು. ಅಂಗಡಿಯಲ್ಲಿ ನಿಮಗೆ ತೋರಿಸಿದ ರೈಫಲ್ ಇದರ ಎರಡರಷ್ಟು ಜೋರಾಗಿ ಹೊಡೆಯಬಹುದು. ಆದರೆ ಜೋರು ಹೆಚ್ಚಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ, ಮಡಚಲು ಮಗುವಿನ ತೋಳಿಗೆ ಶಕ್ತಿ ಸಾಲುವುದಿಲ್ಲ, ಹೊಡೆದಾಗ ಅಲುಗಾಟವೂ ಹೆಚ್ಚು. ಹತ್ತು ಮೀಟರ್ ಗುರಿಹಲಗೆಯಲ್ಲಿ ಹತ್ತರ ಗುರುತೆಂದರೆ ಅರ್ಧ ಮಿಲಿಮೀಟರ್ ಅಗಲದ ಒಂದು ಚುಕ್ಕೆ; ಇಡೀ ಗುರಿಯ ಅಗಲವೇ 45.5 ಮಿಲಿಮೀಟರ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಅಂಕ ಪಡೆದು ಚಿನ್ನ ಗೆದ್ದಾಗ, ಅಂದರೆ ಒಂದು ಗುಂಡಿಗೆ ಸಿಗಬಹುದಾದ ಅತಿ ಹೆಚ್ಚಿನ 10.9ಕ್ಕೆ ಬರೀ 0.1 ಕಡಿಮೆಯಾಗುವಂತೆ ಹೊಡೆದಾಗ, ಅಲ್ಲಿ ಕೆಲಸ ಮಾಡಿದ್ದು ಜೋರಲ್ಲ, ಒಂದೇ ರೀತಿ ಹೊಡೆಯುವ ಗುಣ. ನೀವು ಹಣ ಕೊಡಬೇಕಾದದ್ದು ಆ ಗುಣಕ್ಕೆ.

ಕಾನೂನೂ ಇಲ್ಲಿ ನಿಮ್ಮ ಆಯ್ಕೆಯನ್ನು ಸುಲಭ ಮಾಡುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ, ನಳಿಗೆಯ ಒಳ ಅಳತೆ 4.5 ಮಿಲಿಮೀಟರ್ ಮೀರದ, ಅಂದರೆ ಅಂಗಡಿಯವರು ‘ಪಾಯಿಂಟ್ ಒನ್ ಸೆವೆನ್ ಸೆವೆನ್’ ಎನ್ನುವ, ಶಕ್ತಿಯಲ್ಲಿ 20 ಜೂಲ್ ದಾಟದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಅಳತೆಯಲ್ಲಾಗಲಿ ಶಕ್ತಿಯಲ್ಲಾಗಲಿ ಈ ಮಿತಿ ಮೀರಿದರೆ ಪರವಾನಗಿಯ ಪ್ರಶ್ನೆ ಬರುತ್ತದೆ. ಸ್ಪರ್ಧೆಗಳೂ 4.5 ಮಿಲಿಮೀಟರಿನಲ್ಲೇ ನಡೆಯುವುದರಿಂದ ಮಗಳಿಗೆ ಬೇರೆ ಅಳತೆಯ ಅಗತ್ಯವೇ ಇಲ್ಲ. ಕೊಳ್ಳುವಾಗ ಗುರುತಿನ ಚೀಟಿಯ ಪ್ರತಿ ಕೊಟ್ಟು, ರಸೀದಿಯಲ್ಲಿ ರೈಫಲ್‌ನ ಸಂಖ್ಯೆ ಬರೆಸಿಕೊಳ್ಳಿ. ಆ ರಸೀದಿಯನ್ನು ರೈಫಲ್ ಇರುವಷ್ಟು ಕಾಲವೂ ಜೋಪಾನ ಮಾಡಿ.

ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನು ಒಮ್ಮೆ ಪರೀಕ್ಷಿಸಿ ನೋಡಿ ಎಂಬುದು ನನ್ನ ಸಲಹೆ. ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಅಂಗೈ, ಅಂಗೈಯ ಮೇಲೆ ರೈಫಲ್ ಇರಿಸಿ, ಹತ್ತು ಮೀಟರ್ ದೂರದ ಬಿಳಿ ಹಾಳೆಗೆ ಹತ್ತು ಗುಂಡು ಹೊಡೆಯಿರಿ. ನಳಿಗೆಯನ್ನು ಯಾವುದಕ್ಕೂ ತಾಗಿಸಬೇಡಿ, ಗಟ್ಟಿಯಾಗಿ ಹಿಡಿಯಬೇಡಿ. ಆಮೇಲೆ ಬೇರೆ ಎರಡು ಮೂರು ತಯಾರಿಕೆಯ, ಮುಂಭಾಗ ಚಪ್ಪಟೆಯಾಗಿರುವ ಪೆಲೆಟ್‌ಗಳಿಂದ ಇದನ್ನೇ ಪುನಃ ಮಾಡಿ. ಒಂದು ಪೆಲೆಟ್‌ನಿಂದ ಬೋಗುಣಿಯಷ್ಟು ಚದುರುತ್ತಿದ್ದ ಗುಂಡುಗಳು ಇನ್ನೊಂದರಿಂದ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂಡಿಕೊಳ್ಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹಾಗೆ ಕೂಡಿದರೆ ಇನ್ನೊಂದು ವರ್ಷ ಅದರಲ್ಲೇ ಕಲಿಯಬಹುದು. ಹೊಡೆದಾಗ ಹೊಗೆ, ಸುಟ್ಟ ಎಣ್ಣೆಯ ವಾಸನೆ ಬಂದರೆ, ಯಾರೋ ಗಾಳಿ ಒತ್ತುವ ಕೊಳವೆಯೊಳಗೆ ಎಣ್ಣೆ ಬಿಟ್ಟಿದ್ದಾರೆ ಎಂದರ್ಥ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಹೊತ್ತಿಕೊಳ್ಳುತ್ತಿದೆ. ಅದು ವಾಷರ್‌ಗೂ ಸ್ಪ್ರಿಂಗ್‌ಗೂ ಹಾನಿ. ನಳಿಗೆಯ ಕೀಲು ಪಕ್ಕಕ್ಕೆ ಆಡುತ್ತಿದ್ದರೆ, ಗುರಿ ನೋಡುವ ಹಿಂದಿನ ಎಲೆ ಸಡಿಲವಾಗಿದ್ದರೆ, ಟ್ರಿಗರ್ ಎಳೆಯಲು ಎರಡು ಕಿಲೋ ತೂಕ ಎತ್ತಿದಷ್ಟು ಬಲ ಬೇಕಾದರೆ, ಆಗ ಬದಲಾಯಿಸುವ ಕಾಲ ಬಂದಿದೆ ಎನ್ನಬಹುದು.

ಇನ್ನು ಸ್ಪ್ರಿಂಗೋ ಪಿಸಿಪಿಯೋ ಎಂಬುದು. ಸ್ಪ್ರಿಂಗ್ ರೈಫಲ್‌ನಲ್ಲಿ ನೀವು ಮಡಚುವ ನಳಿಗೆಯೇ ಸನ್ನೆಕೋಲಿನಂತೆ ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ. ಟ್ರಿಗರ್ ಎಳೆದಾಗ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ. ಹೀಗಾಗಿ ಪೆಲೆಟ್ ನಳಿಗೆ ಬಿಡುವ ಮೊದಲೇ ಇಡೀ ರೈಫಲ್ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಅಲುಗಲು ತೊಡಗಿರುತ್ತದೆ. ಇದನ್ನು ಪ್ರತಿ ಸಲವೂ ಒಂದೇ ರೀತಿ ಅಲುಗಲು ಬಿಡುವುದೇ ಕಲಿಯಬೇಕಾದ ವಿದ್ಯೆ. ಪಿಸಿಪಿಯಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರ್‌ಗೆ ತುಂಬಿರುತ್ತಾರೆ. ಸ್ಪರ್ಧೆಯ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡ. ಟ್ರಿಗರ್ ಎಳೆದರೆ ಅಳೆದಷ್ಟೇ ಗಾಳಿ ಹೊರಬರುತ್ತದೆ, ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ಇಂದು ಸ್ಪರ್ಧೆಯಲ್ಲಿ ನಿಲ್ಲುವವರೆಲ್ಲ ಇದನ್ನೇ ಹಿಡಿದಿರುತ್ತಾರೆ. ಆದರೆ ಇದಕ್ಕೆ ಕೈಪಂಪು ಅಥವಾ ದೊಡ್ಡ ಸಿಲಿಂಡರ್ ಬೇಕು, ತುಂಬುವ ಗಾಳಿಯಲ್ಲಿ ತೇವ ಇರಬಾರದು, ಜೋಡಣೆಗಳಿಗೆ ಸಿಲಿಕೋನ್ ಗ್ರೀಸ್ ಹೊರತು ಬೇರೆ ಎಣ್ಣೆ ಸೋಕಿಸಬಾರದು, ಆಮ್ಲಜನಕವನ್ನಂತೂ ಯಾವ ಕಾರಣಕ್ಕೂ ತುಂಬಬಾರದು. ಹೆಚ್ಚಿನ ಒತ್ತಡದಲ್ಲಿ ಎಣ್ಣೆಯೂ ಆಮ್ಲಜನಕವೂ ಸೇರಿದರೆ ಸಿಲಿಂಡರ್ ಸಿಡಿಯುತ್ತದೆ.

ತೀರ್ಥಹಳ್ಳಿಯಂಥ ಊರಿನಲ್ಲಿ, ಶೂಟಿಂಗ್ ಕ್ಲಬ್ ದೂರವಿರುವಾಗ, ಮಗಳ ಮೊದಲ ರೈಫಲ್ ಆಗಿ ನಾನು ಸೂಚಿಸುವುದು ಹದವಾದ ಶಕ್ತಿಯ, ಎರಡು ಹಂತದ ಟ್ರಿಗರ್ (ಮೊದಲು ಹಗುರವಾಗಿ ಸರಿದು, ತಡೆ ಸಿಕ್ಕ ಮೇಲೆ ಇನ್ನಷ್ಟು ಒತ್ತಿದರೆ ಗುಂಡು ಹೊಡೆಯುವಂಥದು) ಇರುವ, ನಾಲ್ಕು ಕಿಲೋ ಒಳಗಿನ ಸ್ಪ್ರಿಂಗ್ ರೈಫಲನ್ನು. ಅದರಲ್ಲಿ ತಪ್ಪುಗಳು ಮುಚ್ಚಿಹೋಗುವುದಿಲ್ಲ, ಹಾಳೆಯ ಮೇಲೆ ಕಾಣಿಸುತ್ತವೆ. ಒಂದೆರಡು ವರ್ಷದ ನಂತರವೂ ಆಸಕ್ತಿ ಉಳಿದು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತರಬೇತುದಾರರ ಕೈಕೆಳಗೆ ಕ್ಲಬ್ಬಿನ ರೈಫಲ್‌ನಲ್ಲಿ ಕೆಲವು ವಾರ ಅಭ್ಯಾಸ ಮಾಡಿದ ಮೇಲೆ ಪಿಸಿಪಿಯ ಯೋಚನೆ ಮಾಡಿ. ಆಗ ಬಳಸಿದ ಸ್ಪರ್ಧಾ ರೈಫಲ್ ಸಿಕ್ಕರೆ ಬಿಡಬೇಡಿ. ಜರ್ಮನಿಯ ಫೈನ್‌ವೆರ್ಕ್‌ಬಾವ್, ವಾಲ್ಥರ್, ಆನ್‌ಶುಟ್ಜ್ ತಯಾರಿಕೆಗಳು ಸರಿಯಾಗಿ ನೋಡಿಕೊಂಡರೆ ದಶಕಗಳ ಕಾಲ ಬಾಳುತ್ತವೆ. ಆದರೆ ಗಾಳಿಯ ಸಿಲಿಂಡರ್ ಮೇಲೆ ಕೆತ್ತಿರುವ ದಿನಾಂಕವನ್ನು ಓದದೆ ಹಣ ಕೊಡಬೇಡಿ. ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ, ಅದರ ಹೊಣೆ ಸ್ಪರ್ಧಿಯದೇ. ರೈಫಲ್‌ನ ಒಟ್ಟು ತೂಕ 5.5 ಕಿಲೋ ಮೀರಬಾರದೆಂಬುದೂ ನಿಯಮ.

ಕೊನೆಯದಾಗಿ, ಅಂಗಡಿಗೆ ಮಗಳನ್ನು ಕರೆದುಕೊಂಡೇ ಹೋಗಿ. ಮೊಣಕೈ ಮಡಚಿ, ಸ್ಟಾಕ್‌ನ ಹಿಂತುದಿಯನ್ನು ಮೊಣಕೈಯ ಒಳಮಡಿಕೆಗೆ ಒತ್ತಿ ಹಿಡಿದಾಗ, ತೋರುಬೆರಳಿನ ಮೊದಲ ಗೆಣ್ಣಿನ ಭಾಗ ಟ್ರಿಗರ್ ಮೇಲೆ ನೆಮ್ಮದಿಯಾಗಿ ಕೂರಬೇಕು. ಬೆರಳು ಎಟುಕದಿದ್ದರೆ ಸ್ಟಾಕ್ ಉದ್ದವಾಯಿತು. ಮಗು ತಲೆಯನ್ನು ಮುಂದಕ್ಕೆ ಚಾಚಿ, ಸೊಂಟವನ್ನು ಹಿಂದಕ್ಕೆ ಬಾಗಿಸಿ ನಿಲ್ಲುವುದನ್ನು ರೂಢಿ ಮಾಡಿಕೊಳ್ಳುತ್ತದೆ, ಮುಂದೆ ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಹಿಂಭಾಗದ ರಬ್ಬರ್ ಪಟ್ಟಿ ಹೊಂದಿಸಬಹುದಾದದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯುವುದನ್ನೂ, ಪೆಲೆಟ್ ತುಂಬುವಾಗ ನಳಿಗೆ ಚಿಮ್ಮಿ ಬೆರಳಿಗೆ ಬಡಿಯದಂತೆ ಇನ್ನೊಂದು ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದಿರುವುದನ್ನೂ ಮೊದಲ ದಿನವೇ ಕಲಿಸಿ.

ಪ್ರಶ್ನೆ: ಹಳೆಯ ಏರ್‌ಗನ್ ಮಾರಿ ಕಳೆದ ವರ್ಷ ಒಳ್ಳೆಯ ಸ್ಪ್ರಿಂಗ್ ರೈಫಲ್ ಕೊಂಡು ದುರ್ಬೀನು ಹಾಕಿಸಿದೆ. ಮೊದಲ ತಿಂಗಳು ಚೆನ್ನಾಗಿ ಹೊಡೆಯುತ್ತಿತ್ತು. ಈಗ ಗುಂಡುಗಳು ಒಂದು ದಿನ ಎಡಕ್ಕೆ, ಒಂದು ದಿನ ಮೇಲಕ್ಕೆ ಹೋಗುತ್ತಿವೆ. ನಳಿಗೆ ಕೆಟ್ಟಿದೆಯೇ? (ಬೆಂಗಳೂರಿನ ಓದುಗರು)

ಉತ್ತರ: ನಳಿಗೆ ಅಷ್ಟು ಬೇಗ ಕೆಡುವ ವಸ್ತುವಲ್ಲ. ಸೀಸದ ಪೆಲೆಟ್ ಉಕ್ಕಿನ ನಳಿಗೆಯನ್ನು ಸವೆಸಲು ಒಂದು ಜೀವಮಾನ ಬೇಕು. ನಿಮ್ಮ ರೈಫಲ್‌ನ ಸ್ಟಾಕ್ ತಿರುಪುಗಳನ್ನು ನೋಡಿ. ಸಾಮಾನ್ಯವಾಗಿ ಮುಂದಿನ ಕೈ ಹಿಡಿಯುವ ಜಾಗದ ಎರಡೂ ಬದಿಗಳಲ್ಲಿ ಒಂದೊಂದು, ಟ್ರಿಗರ್ ಕಾವಲಿನ ಬಳಿ ಒಂದೋ ಎರಡೋ ಇರುತ್ತವೆ. ಮೇಲಿನ ಉತ್ತರದಲ್ಲಿ ಹೇಳಿದ ಹಿಂದು ಮುಂದಿನ ಅಲುಗಾಟ ಪ್ರತಿ ಗುಂಡಿಗೂ ಈ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತದೆ. ಕಬ್ಬಿಣದ ಭಾಗ ಮರದೊಳಗೆ ಒಂದು ಕೂದಲೆಳೆಯಷ್ಟು ಜಾಗ ಬದಲಿಸಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು ಬೀಳುವ ಜಾಗ ಸರಿಯುತ್ತದೆ.

ತಿರುಪಿನ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದಲೇ ಬಿಗಿ ಮಾಡಿ. ಸಣ್ಣದನ್ನು ಬಳಸಿ ತಲೆಯನ್ನು ತಿಂದುಹಾಕಿದ ರೈಫಲ್‌ಗಳು ರಿಪೇರಿಗೆ ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮುಂದಿನ ಎರಡನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಆಮೇಲೆ ಹಿಂದಿನದನ್ನು ಬಿಗಿಸಿ. ಕೈಗೆ ತಡೆ ಸಿಕ್ಕಿದ ಮೇಲೆ ಇನ್ನಷ್ಟು ತಿರುಗಿಸುವ ಆಸೆ ಬೇಡ, ಏಕೆಂದರೆ ತಿರುಪಿನ ಕೆಳಗಿರುವುದು ಮರ. ಅತಿಯಾಗಿ ಬಿಗಿಸಿದರೆ ಮರದ ನಾರು ಜಜ್ಜಿಹೋಗಿ, ಮಾರನೆಯ ವಾರ ತಿರುಪು ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಹಾಗೆ ಈಗಾಗಲೇ ಜಜ್ಜಿದ್ದರೆ, ತಿರುಪಿನ ತಲೆ ಕೂರುವ ಬಟ್ಟಲಿನಾಕಾರದ ಲೋಹದ ವಾಷರ್ ಹಾಕಿಸಿ. ಬಿಗಿ ಮಾಡಿದ ಮೇಲೆ ತಿರುಪಿನ ತಲೆಯಿಂದ ಮರದವರೆಗೆ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಗೆರೆ ಎಳೆದರೆ, ಮುಂದೆ ತಿರುಪು ಸರಿದಾಗ ಗೆರೆ ತುಂಡಾಗಿ ಕಾಣುತ್ತದೆ. ನೂರು ಗುಂಡಿಗೊಮ್ಮೆ ಅದನ್ನು ನೋಡುವ ಅಭ್ಯಾಸವಿಟ್ಟುಕೊಳ್ಳಿ.

ತಿರುಪುಗಳು ಸರಿಯಿದ್ದೂ ದೋಷ ಉಳಿದರೆ ದುರ್ಬೀನಿನ ಮೇಲೆ ಅನುಮಾನ ಪಡಬೇಕು. ಬೇರೆ ಬಂದೂಕುಗಳಿಗೆ ಮಾಡಿದ ದುರ್ಬೀನು ಹಿಂದಕ್ಕೆ ಬರುವ ಹೊಡೆತವನ್ನು ಮಾತ್ರ ತಾಳುವಂತಿರುತ್ತದೆ. ಸ್ಪ್ರಿಂಗ್ ರೈಫಲ್‌ನ ಎರಡು ದಿಕ್ಕಿನ ಹೊಡೆತಕ್ಕೆ ಅದರ ಒಳಗಿನ ಗಾಜುಗಳು ಜಾಗ ಬಿಡುತ್ತವೆ. ಏರ್ ರೈಫಲ್‌ಗೆಂದೇ ಮಾಡಿದ ದುರ್ಬೀನನ್ನೂ, ಅದು ಹಿಂದೆ ಜಾರದಂತೆ ತಡೆಯುವ ಗೂಟವಿರುವ ಹಿಡಿಕೆಯನ್ನೂ ಬಳಸಿ.

ಪ್ರಶ್ನೆ: ಹೊಸ ರೈಫಲ್‌ನ ಮರ ಒಣಗಿದಂತೆ ಕಂಡಿದ್ದರಿಂದ ಮಳೆಗಾಲಕ್ಕೆ ಮುಂಚೆ ತೆಂಗಿನೆಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಟ್ಟೆ. ತೆಗೆದು ನೋಡಿದರೆ ಬೂಸ್ಟು ಹಿಡಿದಿದೆ, ಮುಟ್ಟಿದರೆ ಅಂಟುತ್ತದೆ. ಚಳಿಗಾಲದ ಬೆಳಗ್ಗೆ ಮರದ ಗೆರೆಗಳಲ್ಲಿ ಬಿಳಿ ಬಿಳಿಯಾಗಿ ಏನೋ ಕಾಣುತ್ತದೆ. ಸರಿಪಡಿಸಬಹುದೇ? (ಮಡಿಕೇರಿಯ ಓದುಗರು)

ಉತ್ತರ: ಖಂಡಿತ ಸರಿಪಡಿಸಬಹುದು, ಚಿಂತಿಸಬೇಡಿ. ಆ ಬಿಳಿಯದು ತೆಂಗಿನೆಣ್ಣೆಯೇ. ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುವಂತೆ ಮರದ ರಂಧ್ರಗಳಲ್ಲೂ ಅದು ಗಟ್ಟಿಯಾಗಿದೆ. ಎಣ್ಣೆಗಳಲ್ಲಿ ಎರಡು ಜಾತಿ. ಅಗಸೆ ಎಣ್ಣೆಯಂಥವು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗಿ, ಮರದ ನಾರಿನೊಳಗೆ ಒಂದು ತೆಳುವಾದ ಪದರವಾಗುತ್ತವೆ. ತೆಂಗಿನೆಣ್ಣೆ, ಹರಳೆಣ್ಣೆ, ಯಂತ್ರಗಳಿಗೆ ಹಾಕುವ ಎಣ್ಣೆ ಎಷ್ಟು ವರ್ಷವಾದರೂ ಹೀಗೆ ಒಣಗುವುದಿಲ್ಲ. ಅವು ಹಸಿಯಾಗಿಯೇ ಉಳಿದು ದೂಳನ್ನು ಹಿಡಿಯುತ್ತವೆ, ಮುಗ್ಗಲು ವಾಸನೆ ಬರುತ್ತದೆ, ಬೂಸ್ಟಿಗೆ ಆಹಾರವಾಗುತ್ತವೆ. ನಮ್ಮ ಅಜ್ಜ ಅಜ್ಜಿಯರು ಬಾಗಿಲಿಗೂ ತೊಟ್ಟಿಲಿಗೂ ಎಣ್ಣೆ ಸವರುತ್ತಿದ್ದರು ಎಂಬ ನೆನಪಿನಿಂದ ಹಲವರು ಇದನ್ನು ಮಾಡುತ್ತಾರೆ. ದಿನವೂ ಕೈಯಾಡುವ, ಗಾಳಿ ಬಿಸಿಲು ಕಾಣುವ ಬಾಗಿಲಿಗೆ ಅದು ನಡೆಯಬಹುದು, ಮುಚ್ಚಿಟ್ಟ ರೈಫಲ್‌ಗೆ ನಡೆಯುವುದಿಲ್ಲ.

ಮೊದಲು ಕಬ್ಬಿಣದ ಭಾಗವನ್ನು ಬಿಚ್ಚಿ, ಮರವನ್ನು ಬೇರೆ ಮಾಡಿ. ಹಿಂತುದಿಯ ರಬ್ಬರ್ ಪಟ್ಟಿಯನ್ನೂ ತೆಗೆಯಿರಿ. ಆ ಪಟ್ಟಿಯ ಅಡಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಉಜ್ಜಿ ನೋಡಿ. ಮೇಲಿನ ಹೊಳಪು ಕರಗಿ ಹತ್ತಿಗೆ ಅಂಟಿದರೆ ಅದು ಅರಗಿನ ಪಾಲಿಶ್. ಏನೂ ಆಗದೆ ಗಾಜಿನಂತೆ ಉಳಿದರೆ ಕಾರ್ಖಾನೆಯ ಗಟ್ಟಿ ವಾರ್ನಿಶ್. ಆಗ ನಿಮ್ಮ ತೆಂಗಿನೆಣ್ಣೆ ಹೆಚ್ಚಾಗಿ ಮೇಲೆಯೇ ಇದೆ, ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಕೆಲಸ ಮುಗಿಯಿತು. ಆದರೆ ಗೆರೆಗಳ ಒಳಗೆ ಬಿಳಿ ಕಾಣುತ್ತದೆ ಎಂದಿದ್ದೀರಿ, ಅಂದರೆ ನಿಮ್ಮದು ಬರೀ ಎಣ್ಣೆಯ ಹೊಳಪಿನ ಮರ ಇರಬೇಕು. ಅದಕ್ಕೆ ಟರ್ಪಂಟೈನ್‌ನಲ್ಲಿ ಅದ್ದಿ ಹಿಂಡಿದ ಹಳೆಯ ಹತ್ತಿಬಟ್ಟೆಯಿಂದ ಗೆರೆಯ ಉದ್ದಕ್ಕೆ ಒರೆಸಿ, ಬಟ್ಟೆ ಬದಲಿಸುತ್ತಾ ನಾಲ್ಕೈದು ಸಲ ಮಾಡಿ. ಆಮೇಲೆ ಸೀಮೆಸುಣ್ಣದ ನಯವಾದ ಪುಡಿಯನ್ನು ಅದೇ ಟರ್ಪಂಟೈನ್‌ನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಮರಕ್ಕೆ ಬಳಿದು ಒಣಗಲು ಬಿಡಿ. ಒಣಗುತ್ತಾ ಅದು ಒಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ, ಬೆಳ್ಳಗಿದ್ದ ಪುಡಿ ಅಲ್ಲಲ್ಲಿ ಹಳದಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಬ್ರಷ್‌ನಿಂದ ಉದುರಿಸಿ, ಹಳದಿ ಬರುವುದು ನಿಲ್ಲುವವರೆಗೆ ಪುನರಾವರ್ತಿಸಿ. ಈ ಕೆಲಸವನ್ನೆಲ್ಲ ಬೆಂಕಿಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಮಾಡಬೇಕು.

ಮರ ಶುದ್ಧವಾಗಿ ಒಂದು ವಾರ ನೆರಳಿನಲ್ಲಿ ಒಣಗಿದ ಮೇಲೆ ಅಗಸೆ ಎಣ್ಣೆಯ ಸರದಿ. ಉತ್ತರ ಕರ್ನಾಟಕದ ಗಾಣಗಳಲ್ಲಿ ಸಿಗುವ ಹಸಿ ಅಗಸಿ ಎಣ್ಣೆ ಅಡುಗೆಗೆ ಚೆನ್ನ, ಆದರೆ ಮರದ ಮೇಲೆ ಅದು ಒಣಗಲು ದಿನಗಟ್ಟಲೆ ಹಿಡಿಯುತ್ತದೆ. ಬಣ್ಣದ ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಎಂದು ಕೇಳಿ ತನ್ನಿ. ಮೊದಲ ಸಲ ಅದರ ಅರ್ಧದಷ್ಟು ಟರ್ಪಂಟೈನ್ ಸೇರಿಸಿದರೆ ಮರ ಚೆನ್ನಾಗಿ ಕುಡಿಯುತ್ತದೆ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ಅಂಗೈಯಿಂದಲೇ ತಿಕ್ಕಿ. ಕಾಲು ಗಂಟೆಯ ನಂತರ ಮೇಲೆ ಉಳಿದ ಎಣ್ಣೆಯನ್ನು ಒಂದಿಷ್ಟೂ ಬಿಡದೆ ಒರೆಸಿ ತೆಗೆಯಿರಿ. ಎಲ್ಲರೂ ತಪ್ಪುವುದು ಇಲ್ಲೇ. ಹೆಚ್ಚು ಬಿಟ್ಟರೆ ಹೆಚ್ಚು ಹೊಳೆಯುತ್ತದೆ ಎಂದುಕೊಂಡರೆ ಅದು ಅಂಟಾಗಿ ಉಳಿಯುತ್ತದೆ. ಒಂದು ಪೂರ್ತಿ ದಿನ ಒಣಗಿದ ಮೇಲೆ ಮತ್ತೊಂದು ಕೈ. ಹೀಗೆ ಐದಾರು ಕೈ ಆದರೆ ಸಾಕು, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಹಿಂತುದಿಯ ಪಟ್ಟಿಯ ಅಡಿಯಲ್ಲೂ, ಕಬ್ಬಿಣ ಕೂರುವ ತೋಡಿನ ಒಳಗೂ ಹಚ್ಚುವುದನ್ನು ಮರೆಯಬೇಡಿ. ಮರವನ್ನು ಅಡ್ಡಕ್ಕೆ ಕೊಯ್ದ ತುದಿಯೇ ಅತಿ ಹೆಚ್ಚು ತೇವ ಹೀರುವ ಜಾಗ, ಕಾರ್ಖಾನೆಯವರು ಹೆಚ್ಚಾಗಿ ಅದಕ್ಕೆ ಏನೂ ಹಚ್ಚದೆಯೇ ಬಿಟ್ಟಿರುತ್ತಾರೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಕೂಡಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಬಟ್ಟೆಗಳನ್ನು ಬಿಡಿಸಿ ಹೊರಗೆ ತಂತಿಯ ಮೇಲೆ ಹರವಿ ಒಣಗಿಸಿ, ಅಥವಾ ಬಕೆಟ್ ನೀರಿನಲ್ಲಿ ಮುಳುಗಿಸಿಡಿ.

ಇನ್ನು ಇಡುವ ಜಾಗ. ಕೊಡಗಿನ ಮಳೆಗಾಲದಲ್ಲಿ ಸ್ಪಂಜು ಹಾಸಿದ ಪ್ಲಾಸ್ಟಿಕ್ ಪೆಟ್ಟಿಗೆಯಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಸ್ಪಂಜು ತೇವವನ್ನು ಹಿಡಿದು ತಿಂಗಳುಗಟ್ಟಲೆ ಮರಕ್ಕೂ ಕಬ್ಬಿಣಕ್ಕೂ ಉಣಿಸುತ್ತದೆ. ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ ಇರಲಿ. ಮನೆಯಲ್ಲಿ ಬೀಗ ಹಾಕುವ ಮರದ ಬೀರುವಿನಲ್ಲಿ, ಹೊರಗೋಡೆಗೆ ತಾಗದಂತೆ, ನಳಿಗೆಯ ಬಾಯಿ ಕೆಳಮುಖವಾಗಿ ನಿಲ್ಲಿಸಿ. ಬಾಯಿ ಮೇಲಿದ್ದರೆ ಕಬ್ಬಿಣಕ್ಕೆ ಹಾಕಿದ ಎಣ್ಣೆ ನಿಧಾನವಾಗಿ ಇಳಿದು, ಹಿಡಿಯ ಹತ್ತಿರದ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಸಿಲಿಕಾ ಜೆಲ್ ಚೀಲಗಳಿಟ್ಟು ತಿಂಗಳಿಗೊಮ್ಮೆ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಒಣಗಿಸಿಕೊಂಡರೆ ಇನ್ನೂ ಒಳ್ಳೆಯದು. ಎಣ್ಣೆ ಹಚ್ಚುವ ಕೆಲಸವನ್ನು ಮಳೆ ಪೂರ್ತಿ ಬಿಟ್ಟ ಮೇಲೆ, ಜನವರಿಯಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ರೈಫಲ್ ಜಾರಿ ಬಿದ್ದು ಸ್ಟಾಕ್ ಮೇಲೆ ತಗ್ಗು ಬಿದ್ದಿದೆ, ಹಿಡಿಯ ಬಳಿ ಕೂದಲಿನಂಥ ಬಿರುಕೂ ಇದೆ. ಬಡಗಿಗೆ ಕೊಟ್ಟು ಉಜ್ಜಿಸಿ ವಾರ್ನಿಶ್ ಮಾಡಿಸಬಹುದೇ? (ಧಾರವಾಡದ ಓದುಗರು)

ಉತ್ತರ: ಉಜ್ಜಿಸಬೇಡಿ. ಉಜ್ಜಿದರೆ ತಗ್ಗಿನ ಸುತ್ತಲಿನ ಒಳ್ಳೆಯ ಮರವೂ ಹೋಗಿ, ಕಬ್ಬಿಣ ಮತ್ತು ಮರ ಸೇರುವ ಅಂಚು ಎಂದಿಗೂ ಮೊದಲಿನಂತಾಗುವುದಿಲ್ಲ. ನನ್ನ ಮೊದಲ ಒಳ್ಳೆಯ ರೈಫಲನ್ನು ಹೀಗೆ ಒಂದು ಪಾಲಿಶ್ ಅಂಗಡಿಗೆ ಕೊಟ್ಟಿದ್ದೆ. ಹಳೆಯ ಎಣ್ಣೆಯನ್ನು ತೆಗೆಯದೆ ಅದರ ಮೇಲೇ ದಪ್ಪ ವಾರ್ನಿಶ್ ಬಳಿದುಕೊಟ್ಟರು. ಒಂದು ಮಳೆಗಾಲದಲ್ಲಿ ಅದು ಹಾವಿನ ಪೊರೆಯಂತೆ ಎದ್ದು ಬಂತು. ಅಕ್ರೋಟಿನ ಮರದ ಆ ಗೆರೆಗಳನ್ನು ಮರಳಿ ಪಡೆಯಲು ನನಗೆ ಒಂದು ಬೇಸಿಗೆ ಹಿಡಿಯಿತು.

ತಗ್ಗು ಎಂದರೆ ಮರ ಹೋಗಿಲ್ಲ, ನಾರು ಒತ್ತಿಕೊಂಡಿದೆ ಅಷ್ಟೆ. ಅದನ್ನು ಹಬೆಯಿಂದ ಎಬ್ಬಿಸಬಹುದು. ಕಬ್ಬಿಣವನ್ನು ಬಿಚ್ಚಿಟ್ಟು, ಒದ್ದೆ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ತಗ್ಗಿನ ಮೇಲಿಟ್ಟು, ಕಾದ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಅದರ ಮೇಲೆ ಐದಾರು ಸೆಕೆಂಡು ಒತ್ತಿ. ಚುಯ್ ಎಂದು ಹಬೆ ಒಳನುಗ್ಗುತ್ತದೆ. ಬಟ್ಟೆ ಎತ್ತಿ ಬೆರಳಾಡಿಸಿ ನೋಡಿದರೆ ತಗ್ಗು ಅರ್ಧಕ್ಕೆ ಬಂದಿರುತ್ತದೆ. ಬಟ್ಟೆ ಮತ್ತೆ ನೆನೆಸಿ ಮಾಡಿ, ಬಟ್ಟೆ ಒಣಗಲು ಮಾತ್ರ ಬಿಡಬೇಡಿ, ಮರ ಸುಡುತ್ತದೆ. ಎರಡು ದಿನ ಒಣಗಿಸಿ, ಎದ್ದ ನಾರನ್ನು 400 ನಂಬರಿನ ಮರಳು ಕಾಗದದಿಂದ ಗೆರೆಯ ಉದ್ದಕ್ಕೆ ಹಗುರವಾಗಿ ಸವರಿ, ಅಷ್ಟು ಜಾಗಕ್ಕೆ ಅಗಸೆ ಎಣ್ಣೆ ಹಚ್ಚಿ. ನಾರು ಕತ್ತರಿಸಿಹೋದ ಗೀರಿಗೆ ಈ ಉಪಾಯ ನಡೆಯುವುದಿಲ್ಲ, ವಾರ್ನಿಶ್ ಇರುವ ಮರಕ್ಕೆ ಮಾಡಿದರೆ ವಾರ್ನಿಶ್ ಬೆಳ್ಳಗಾಗುತ್ತದೆ.

ಬಿರುಕಿನ ವಿಷಯ ಬೇರೆ, ಅದನ್ನು ಸರಿಪಡಿಸುವವರೆಗೆ ಒಂದು ಗುಂಡನ್ನೂ ಹೊಡೆಯಬೇಡಿ. ಬಿರುಕಿನಲ್ಲಿ ಎಣ್ಣೆ ಸೇರಿದ್ದರೆ ಸ್ಪಿರಿಟ್‌ನಿಂದ ತೊಳೆದು ಒಣಗಿಸಿ. ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು, ನಿಧಾನವಾಗಿ ಗಟ್ಟಿಯಾಗುವ ಬಗೆಯದನ್ನು, ಕಲಸಿ ಸ್ವಲ್ಪ ಬೆಚ್ಚಗೆ ಮಾಡಿದರೆ ತೆಳುವಾಗಿ ಬಿರುಕಿನ ತಳದವರೆಗೆ ಇಳಿಯುತ್ತದೆ. ಬಿರುಕನ್ನು ಮೆಲ್ಲನೆ ಅಗಲಿಸಿ ಅಂಟು ಇಳಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ 24 ಗಂಟೆ ಬಿಡಿ. ದುಂಡಗಿನ ಹಿಡಿಗೆ ಇದಕ್ಕಿಂತ ಒಳ್ಳೆಯ ಬಿಗಿ ಯಾವ ಕ್ಲಾಂಪಿನಿಂದಲೂ ಸಿಗುವುದಿಲ್ಲ. ಹೊರಬಂದ ಅಂಟನ್ನು ಹಸಿಯಿರುವಾಗಲೇ ಒರೆಸಿಬಿಡಬೇಕು.

ಪ್ರಶ್ನೆ: ಎರಡು ವಿಷಯ ಕೇಳಬೇಕಿತ್ತು. ಹೊಲಕ್ಕೆ ನವಿಲು, ಮಂಗಗಳ ಕಾಟ ಹೆಚ್ಚಾಗಿದೆ; ಹೊಸ ರೈಫಲ್‌ನಿಂದ ಗಾಯ ಮಾಡದೆ ಹೆದರಿಸಬಹುದೇ? ಆಯುಧಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರೆ ಮರ ಹಾಳಾಗುತ್ತದೆಯೇ? (ಹುಣಸೂರು ತಾಲ್ಲೂಕಿನ ಓದುಗರು)

ಉತ್ತರ: ಮೊದಲನೆಯದಕ್ಕೆ ಉತ್ತರ, ಬೇಡ. ಬೆಳೆ ಕಳೆದುಕೊಳ್ಳುವ ನೋವು ನನಗೆ ಅರ್ಥವಾಗುತ್ತದೆ. ಆದರೆ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅದಕ್ಕೆ ಗುರಿಯಿಟ್ಟರೆ ಗಂಭೀರ ಅಪರಾಧ. ಮಂಗನನ್ನು ಗಾಯಗೊಳಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿಯೂ ತಪ್ಪು. ಗಾಯವಾಗದಂತೆ ಪೆಲೆಟ್ ಹೊಡೆಯಲು ಸಾಧ್ಯವಿಲ್ಲ. ಸಣ್ಣ ಪೆಲೆಟ್ ಚರ್ಮದೊಳಗೆ ಸೇರಿ ಕೀವಾಗಿ, ಪ್ರಾಣಿ ವಾರಗಟ್ಟಲೆ ನರಳಿ ಸಾಯುತ್ತದೆ. ಮರದ ಮೇಲಕ್ಕೆ ಹೊಡೆದ ಪೆಲೆಟ್ ಬೇಲಿಯಾಚೆ ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾಗದು. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ರೈಫಲ್ ಹಾಳೆಯ ಗುರಿಗೆ ಮಾತ್ರ ಇರಲಿ.

ಎರಡನೆಯದಕ್ಕೆ ಉತ್ತರ, ಹಚ್ಚುವ ಜಾಗ ನೋಡಿ ಹಚ್ಚಿ. ಎಣ್ಣೆಯ ಹೊಳಪಿರುವ ಮರದ ಮೇಲೆ ಒದ್ದೆ ಅರಿಶಿನ ಬಿದ್ದರೆ ಹಳದಿ ಕಲೆ ಗೆರೆಗಳೊಳಗೆ ಇಳಿದು ಉಳಿಯುತ್ತದೆ. ಗಂಧ, ಕುಂಕುಮದ ತೇವ ಉಕ್ಕಿನ ಮೇಲೆ ಒಂದು ರಾತ್ರಿ ಕೂತರೆ ಕೆಂಪು ತುಕ್ಕಿನ ಚುಕ್ಕೆಗಳು ಏಳುತ್ತವೆ. ಹೆಗಲಿಗೆ ಹಾಕುವ ಪಟ್ಟಿಗೆ ಹೂವು ಕಟ್ಟಿ, ಹಿಂತುದಿಯ ರಬ್ಬರ್ ಮೇಲೆ ಕುಂಕುಮ ಇಟ್ಟರೆ ಪೂಜೆಗೆ ಯಾವ ಕೊರತೆಯೂ ಆಗುವುದಿಲ್ಲ. ಪೂಜೆಗೆ ಇಡುವ ಮುನ್ನ ರೈಫಲ್ ಮಡಚಿ ಒಳಗೆ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ, ಮನೆಯವರಿಗೂ ತೋರಿಸಿ. ಮಂಗಳಾರತಿ ಮುಗಿದ ಮೇಲೆ, ಅದೇ ಸಂಜೆ, ಉಕ್ಕಿಗೆ ಎಣ್ಣೆ ಸವರಿದ ಬಟ್ಟೆ, ಮರಕ್ಕೆ ಬೇರೆ ಒಣಬಟ್ಟೆ ಹಿಡಿದು ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿ.